ಹತ್ತನೆಯ ಪ್ರತಿ

ನಂಬುವುದು ಬಿಡುವುದು ನಿಮಗೆ ಸೇರಿದ್ದು. ಜೊಸೆಟ್ ನಮ್ಮ ಪಕ್ಕದ ಮನೆಯವಳು. ನಮ್ಮ ಸೇಂಟ್ ಲೂಸಿಯಾ ದ್ವೀಪದಲ್ಲಿ ಬಾಯಿಬಡುಕರಿಗೇನೂ ಬರವಿಲ್ಲ, ಆದರೆ ಈ ಹುಡುಗಿ ಅಂಥವಳಲ್ಲ.

ಆ ರಾತ್ರಿ ಕೊನೆಯ ವ್ಯಾನು ತಪ್ಪಿತ್ತು. ಗುಡ್ಡದ ಮೇಲಿನ ಪುಟ್ಟ ಕಾಲೇಜಿನಿಂದ ಅವಳು ನಡೆದೇ ಇಳಿಯುತ್ತಿದ್ದಳು. ಕಂಕುಳಲ್ಲಿ ತಾನು ಬರೆದ ಕತೆಯ ಒಂಬತ್ತು ಪ್ರತಿ. ಅವರ ಬರವಣಿಗೆ ತರಗತಿಯ ಪದ್ಧತಿಯೇ ಹಾಗೆ. ಕತೆಯ ಬಗ್ಗೆ ಎಲ್ಲರೂ ಮಾತಾಡಬೇಕು, ಬರೆದವಳು ಮಾತ್ರ ಬಾಯಿ ಮುಚ್ಚಿ ಕೂರಬೇಕು. ಕೊನೆಗೆ ಅವರವರ ಪ್ರತಿಯ ಅಂಚಿನಲ್ಲಿ ಅನಿಸಿದ್ದು ಗೀಚಿ, ಕೆಳಗೆ ರುಜು ಹಾಕಿ ವಾಪಸು ಕೊಡುತ್ತಾರೆ. ಎಂಟು ಜನ ಸಹಪಾಠಿಗಳು, ಒಬ್ಬ ಮೇಷ್ಟ್ರು.

ಎಲ್ಲರೂ ಹೊಗಳಿದ್ದರು. "ಕತೇಲಿ ಆ ತಾಯಿ ಇದಾಳಲ್ಲ, ಬೆಂಕಿ!" ಅಂದಿದ್ದ ಸಹಪಾಠಿ ಫ್ಲೋರಿಯನ್. ಶುಕ್ರವಾರ ಕಾಲೇಜು ಪತ್ರಿಕೆಗೆ ಕಳಿಸುತ್ತೇನೆ ಅಂದಿದ್ದರು ಮೇಷ್ಟ್ರು. ಜೊಸೆಟ್‌ಗೆ ಮಾತ್ರ ತಲೆ ಎತ್ತಲಾಗಿರಲಿಲ್ಲ.

ಯಾಕೆಂದರೆ ಆ ತಾಯಿ ಮಾ ಸೆಲೀ. ದಾರಿಯಂಚಿನ ಬಾವಿಯ ಪಕ್ಕ ಇದ್ದ ಮುದುಕಿ, ಓದು ಬರಹ ಬಾರದವಳು. ಹಸಿದು ಬರುವ ಜೊಸೆಟ್‌ಗೆ ದಿನವೂ ಕರಿದ ರೊಟ್ಟಿ, ಉಪ್ಪುಮೀನು ಇಟ್ಟವಳು. ಒಂದು ಸಂಜೆ ಅವಳಿಗಷ್ಟೇ ಹೇಳಿದ್ದಳು.

"ರೊಟ್ಟಿಗೆ ಹಿಟ್ಟು ನಾದ್ತಿದ್ದೆ ಕಣೇ. ಮಗ ಬಾವಿ ಹತ್ರ ಹೋಗಿದ್ದು ಗೊತ್ತೇ ಆಗ್ಲಿಲ್ಲ. ಹಿಟ್ಟಿನ ಕೈಲೇ ನೀರಿಂದ ಎತ್ಕೊಂಡೆ ಅವನನ್ನ, ಉಸಿರಿರ್ಲಿಲ್ಲ... ಯಾರ್ಗೂ ಹೇಳ್ಬೇಡ."

ಜೊಸೆಟ್ ಬರೆದಳು. ಮೊದಲ ಸಲ ಇದ್ದದ್ದು ಇದ್ದಂತೆ. ತರಗತಿ ಮೂಗು ಮುರಿಯಿತು. "ತಾಯಿದು ತಪ್ಪೇ ಇಲ್ಲ ಅಂದ್ರೆ ಕತೆ ಎಲ್ಲಿದೆ? ಸಪ್ಪೆ!" ಆಗ ಇವಳು ಕತೆಯಲ್ಲಿ ಹಿಟ್ಟನ್ನು ಹೊಡೆದುಹಾಕಿ, ತಾಯಿಗೆ ರಮ್ ಕುಡಿಸಿ, ಕುಣಿತಕ್ಕೆ ಕಳಿಸಿದಳು. ಅದೂ ಮಾ ಸೆಲೀ ಸತ್ತ ರಾತ್ರಿಯೇ. ಊರೆಲ್ಲ ಹೆಣದ ಮುಂದೆ ಹಾಡುತ್ತ ಜಾಗರಣೆ ಕೂತಿದ್ದರೆ, ಇವಳು ಕದ ಹಾಕಿಕೊಂಡು ತಿದ್ದುತ್ತಿದ್ದಳು. ಬದುಕಿದ್ದಾಗಲೇ ಓದಲಾರದವಳು ಸತ್ತ ಮೇಲೆ ಓದುತ್ತಾಳೆಯೇ ಎಂದುಕೊಂಡಿದ್ದಳು. ಅದನ್ನು ನೆನೆದು ಈಗ ಕತ್ತಲಲ್ಲೂ ಮುಖ ಉರಿಯಿತು.

ಬೂರುಗದ ಮರ ಬಂತು. ಅದರಡಿಯೇ ಬಾವಿ.

ರಾಟೆ... ಕಿರ್‌ರ್. ನಿಂತಿತು. ಮತ್ತೆ ಕಿರ್‌ರ್... ಆ ರಾಟೆಗೆ ಹಗ್ಗವಿಲ್ಲದೆ ವರ್ಷಗಳೇ ಆಗಿದ್ದವು. ಆಮೇಲೆ ಬೇರೆಯದೇ ಸದ್ದು. ಥಪ್... ಥಪ್... ಹಸಿ ಹಿಟ್ಟನ್ನು ಹಲಗೆಗೆ ಬಡಿಯುವ ಸದ್ದು.

"ಜೊಸೆಟ್."

ಬೆನ್ನ ಹಿಂದೆಯೇ. ಅವಳು ತಿರುಗಲಿಲ್ಲ.

"ಮಾ...?"

"ತುಂಬಾ ಚೆನ್ನಾಗಿ ಬರ್ದಿದ್ದೀಯಂತೆ."

ಥಪ್...

"ನಾನು ಕುಣಿಯೋಕೆ ಹೋಗಿದ್ನೇನೇ?"

"ಇಲ್ಲ ಮಾ."

"ಮತ್ತೆ?"

ತರಗತಿಯಲ್ಲಿ ಬಾಯಿ ಮುಚ್ಚಿ ಕೂರುವುದು ನಿಯಮ. ಇಲ್ಲಿ ಅಂಥ ನಿಯಮವೇನೂ ಇರಲಿಲ್ಲ. ಆದರೂ ಕಾಗದಗಳನ್ನು ಎದೆಗವಚಿಕೊಂಡು ಓಡಿದಳು. ಅವಳು ಅಗುಳಿ ಹಾಕಿದ ಸದ್ದು ನಮ್ಮ ಮನೆಗೂ ಕೇಳಿಸಿತು.

ದೀಪದಡಿ ಪ್ರತಿಗಳನ್ನು ಎಣಿಸಿದಳು. ಹತ್ತು.

ಬೆಳಿಗ್ಗೆ ತರಗತಿಯ ಮುಂದೆ ನಿಂತಳು. "ಅಚ್ಚು ಹಾಕ್ಬೇಡಿ ಸಾರ್. ಆ ತಾಯಿ ನಿಜವಾಗ್ಲೂ ಇದ್ಳು. ನಂಗೆ ಊಟ ಹಾಕ್ತಿದ್ಳು. ಅವಳ ಬಗ್ಗೆ ಸುಳ್ಳು ಬರ್ದೆ, ನಿಮ್ಮ ಕೈಲಿ ಭೇಷ್ ಅನ್ನಿಸ್ಕೊಳೋಕೆ." ಆ ಕತೆ ಎಲ್ಲೂ ಅಚ್ಚಾಗಲಿಲ್ಲ.

ಹತ್ತನೆಯ ಪ್ರತಿಯನ್ನು ಅವಳು ನನಗೆ ತೋರಿಸಿದ್ದು ಅದಾದ ಒಂದು ವಾರಕ್ಕೆ. ದೇವರಾಣೆ, ಕಣ್ಣಾರೆ ಕಂಡಿದ್ದೇನೆ. ಅಂಚಿನಲ್ಲಿ ಒಂದಕ್ಷರವಿಲ್ಲ. ರುಜು ಹಾಕುವ ಜಾಗದಲ್ಲಿ ಹಿಟ್ಟಿನ ಹೆಬ್ಬೆಟ್ಟು.

ಮುಟ್ಟಿ ನೋಡಿದೆ. ಇನ್ನೂ ಹಸಿಯಾಗಿತ್ತು. ಬೆರಳಿಗೆ ಅಂಟಿತು.