ಟವರಿನ ನಾಲ್ಕನೇ ಕಾಲು

ಇದು ನಮ್ಮ ದೊಡ್ಡಪ್ಪನ ಮಗ ಪ್ರಭುದೇವನಿಗೆ ಆದದ್ದು. ನಗುವವರು ಈಗಲೇ ನಕ್ಕುಬಿಡಿ. ಆಮೇಲೆ ನಡುವೆ ಬಾಯಿ ಹಾಕಬೇಡಿ.

ಹುಲಿಕುಂಟೆ ಗೇಟಿನಲ್ಲಿ ಬಸ್ಸಿಳಿದರೆ ನಮ್ಮೂರಿಗೆ ಎರಡು ಮೈಲಿ ಕಾಲುದಾರಿ. ಮೊದಲು ಆಲದಮರ ಸಿಗುತ್ತೆ, ಅದರ ಪಕ್ಕ ನೀರಿಲ್ಲದ ಹಳೇ ಬಾವಿ. ಬಾವಿ ದಾಟಿದರೆ ಪ್ರಭುದೇವನ ಹೊಲ, ಹೊಲದ ನಡುವೆ ಕರೆಂಟಿನ ಟವರು. ಪಾವಗಡದ ಕಡೆಯಿಂದ ಸೋಲಾರ್ ಕರೆಂಟು ಹೊತ್ತು ಬರುವ ದೊಡ್ಡ ಲೈನು ಅದು. ಅದಕ್ಕೆ ಕರೆಂಟು ಬಿಟ್ಟು ಒಂದು ವಾರವೂ ಆಗಿರಲಿಲ್ಲ. ಶಿರಾದಿಂದ ಕಡೇ ಬಸ್ಸಿಗೆ ಬಂದ ಪ್ರಭುದೇವ ಒಬ್ಬನೇ ನಡೆದು ಬರುತ್ತಿದ್ದ. ಹತ್ತೂವರೆ ಇರಬಹುದು. ಮಂಜು ಬೀಳುತ್ತಿತ್ತು. ಗಾಳಿಯಲ್ಲಿ ತೇವ ಇದ್ದರೆ ಆ ತಂತಿ ಸದ್ದು ಮಾಡುತ್ತೆ... ಜುಂಯ್... ಅಂತ ಒಂದೇ ಸಮನೆ. ನಡುನಡುವೆ ಚಿಟ್... ಚಿಟ್... ಬಿಸಿ ಎಣ್ಣೆಗೆ ಸಾಸಿವೆ ಬಿದ್ದ ಹಾಗೆ. ಅವನಿಗೆ ಆ ಸದ್ದು ಇಷ್ಟ. ನಿಂತು ಕೇಳಿದ.

ಆ ಸದ್ದಿನ ಒಳಗಿಂದ ಇನ್ನೊಂದು ಬಂತು. ಮಾತು... ಮೆಲ್ಲಗೆ, ದಣಿದ ಹೆಂಗಸಿನ ದನಿ.

"ದನುಕ್ಕೆ ನೀರ್ ಕುಡಿಸ್ದಾ ಮಗ?"

ಟವರಿಗೆ ನಾಲ್ಕು ಕಾಲು ತಾನೆ? ಬಾವಿ ಕಡೆಯ ಎರಡರಲ್ಲಿ ಒಂದು ಕಾಲಿನ ಬುಡದಿಂದ ಬಂತು. ಮೇಲಿನಿಂದಲ್ಲ... ನೆಲದಿಂದ.

ಚಪ್ಪಲಿ ಅಲ್ಲೇ ಬಿಟ್ಟು ಓಡಿಬಂದವನು ನೇರ ನಮ್ಮ ಮನೆ ಬಾಗಿಲು ಬಡಿದ. ಹೆಂಡತಿಗೂ ಹೇಳುವ ಹಾಗಿರಲಿಲ್ಲ. ಆ ದನಿ ಯಾರದು ಅಂತ ನಮ್ಮಿಬ್ಬರಿಗೂ ಗೊತ್ತಿತ್ತು. ನಮ್ಮ ಸೋದರತ್ತೆ ಸರ್ವಮಂಗಳಮ್ಮನದು. ಆಕೆ ಸತ್ತು ಹನ್ನೊಂದು ವರ್ಷವಾಗಿತ್ತು.

ಅತ್ತೆ ಗಂಡ ಸತ್ತ ಮೇಲೆ ಕೈಗೂಸು ಲೋಹಿತಳನ್ನು ಎತ್ತಿಕೊಂಡು ತವರಿಗೆ ಬಂದಿದ್ದಳು. ಪ್ರಭುದೇವನಿಗೆ ತಾಯಿ ಇರಲಿಲ್ಲ. ಇಬ್ಬರನ್ನೂ ಒಂದೇ ಮಡಿಲಲ್ಲಿ ಸಾಕಿದಳು. ದೀಪ ಹಚ್ಚುವ ಹೊತ್ತಿಗೆ ದಿನಾ ಅವನನ್ನು ಕೇಳುತ್ತಿದ್ದ ಮಾತೇ ಅದು. ಸತ್ತಾಗ ನಮ್ಮ ಪದ್ಧತಿಯಂತೆ ಅದೇ ಹೊಲದಲ್ಲಿ ಗುಂಡಿ ತೆಗೆದು, ಗುಂಡಿಯ ಗೋಡೆಯಲ್ಲಿ ಗೂಡು ಕೊರೆದು, ಕೂರಿಸಿ ಮಣ್ಣು ಮಾಡಿದೆವು. ಮೇಲೆ ಮೊಣಕಾಲೆತ್ತರದ ಒಂದು ಕಲ್ಲು ನೆಟ್ಟೆವು. ಲೋಹಿತ ಮಧುಗಿರಿಗೆ ಮದುವೆಯಾಗಿ ಹೋದಳು. ವರ್ಷಕ್ಕೊಂದು ಸಲ ಬಂದು ಕಲ್ಲಿಗೆ ನೀರು ಹಾಕಿ, ಎಡೆ ಇಟ್ಟು ಹೋಗುತ್ತಿದ್ದಳು.

ಮುಂದಿನದು ಹೇಳೋಕೆ ನಾಚಿಕೆಯಾಗುತ್ತೆ. ಆದರೂ ಹೇಳ್ತೀನಿ.

ಲೈನಿನವರು ಅಳತೆಗೆ ಬಂದರು. ಚೇತನ್ ಕುಮಾರ್ ಅಂತ ಎಂಜಿನಿಯರು, ಒಳ್ಳೇ ಹುಡುಗ. ಇಲ್ಲಿ ಗುಡಿ, ಸಮಾಧಿ ಏನಾದರೂ ಇದ್ದರೆ ಹೇಳಿ, ಟವರನ್ನು ಸ್ವಲ್ಪ ಸರಿಸ್ತೀವಿ ಅಂದ. ಸರಿಸಿದರೆ ಪ್ರಭುದೇವನ ಬೋರ್‌ವೆಲ್ ಮೇಲೆ ಬರುತ್ತಿತ್ತು. ನಮ್ಮ ಕಡೆ ನೀರು ಬಿದ್ದ ಬೋರ್‌ವೆಲ್ ಅಂದರೆ ಏನು ಅಂತ ನಿಮಗೆ ಹೇಳಬೇಕಾಗಿಲ್ಲ. ಏನೂ ಇಲ್ಲ ಸಾರ್ ಅಂದುಬಿಟ್ಟ. ಅವತ್ತೇ ಮುಸ್ಸಂಜೆ ಕಲ್ಲು ಕಿತ್ತು ಹಳೇ ಬಾವಿಗೆ ಹಾಕಿದ. ಕಲ್ಲಿನ ಇನ್ನೊಂದು ತುದಿ ಹಿಡಿದವನು ನಾನು.

ಜೆಸಿಬಿ ಬಂತು. ನಾಲ್ಕು ಗುಂಡಿ ತೆಗೆಯಬೇಕು. ಮೂರಾಯಿತು. ಬಾವಿ ಕಡೆಯ ನಾಲ್ಕನೆಯದರಲ್ಲಿ ಡ್ರೈವರ್ ಇದ್ದಕ್ಕಿದ್ದ ಹಾಗೆ ನಿಲ್ಲಿಸಿದ. ಗುಂಡಿಯ ಗೋಡೆಯಲ್ಲಿ ಗೂಡು ಬಾಯಿ ಬಿಟ್ಟಿತ್ತು. ಒಳಗೆ ಮೂಳೆ ಕಾಣುತ್ತಿತ್ತು. ಚೇತನ್ ಕುಮಾರ್ ಬಗ್ಗಿ ನೋಡಿ, ಇದೇನು ಅಂತ ಕೇಳಿದ.

"ದನ ಸಾರ್," ಅಂದ ಪ್ರಭುದೇವ. "ನಮ್ಮಪ್ಪನ್ ಕಾಲ್ದಲ್ಲಿ ಹೂತಿದ್ದು."

ಚೇತನ್ ನನ್ನ ಮುಖ ನೋಡಿದ. ನಾನು ಹೌದು ಅಂತ ತಲೆ ಆಡಿಸಿದೆ.

ಅಷ್ಟೇ. ಜೆಸಿಬಿ ಮತ್ತೆ ಗುರ್ ಅಂತು.

ಆಮೇಲೆ ಟವರ್ ಎದ್ದಿತು. ಅದನ್ನು ಹೇಳದಿದ್ದರೆ ನಮ್ಮ ತಪ್ಪು ಪೂರ್ತಿ ಹೇಳಿದ ಹಾಗಾಗುವುದಿಲ್ಲ. ಕಬ್ಬಿಣದ ಪಟ್ಟಿಗಳನ್ನು ಹೊಲದ ತುಂಬ ಹರಡಿದ್ದರು. ಒಂದೊಂದರ ಮೇಲೂ ಒಂದೊಂದು ನಂಬರು ಹೊಡೆದಿತ್ತು. ಒಬ್ಬ ನಂಬರು ಕೂಗುತ್ತಿದ್ದ, ಹಗ್ಗ ಕಟ್ಟಿ ಎಳೆಯುತ್ತಿದ್ದರು, ಮೇಲಿದ್ದವರು ಬೋಲ್ಟ್ ಬಿಗಿಯುತ್ತಿದ್ದರು... ಕಟಕ್, ಕಟಕ್. ಬೆಸುಗೆ ಅನ್ನುವುದು ಒಂದೂ ಇಲ್ಲ. ಬಿಡಿಯಾಗಿ ಹಿಡಿದರೆ ಬಳುಕುವ ಪಟ್ಟಿ, ಮೂರು ಸೇರಿ ತ್ರಿಕೋನವಾದರೆ ಅಲ್ಲಾಡುವುದಿಲ್ಲ. ತ್ರಿಕೋನದ ಮೇಲೆ ತ್ರಿಕೋನ. ಹನ್ನೆರಡು ದಿನದಲ್ಲಿ ಆಲದಮರದ ಮೂರರಷ್ಟು ಎತ್ತರ ನಿಂತಿತು. ಅಷ್ಟು ದೊಡ್ಡದಾದರೂ ಅದರ ಆಚೆಯ ಗುಡ್ಡ ಅದರೊಳಗಿಂದಲೇ ಕಾಣುತ್ತಿತ್ತು. ಸಂಜೆ ಬಿಸಿಲಿಗೆ ನೆರಳು ಉತ್ತ ನೆಲದ ಮೇಲೆ ರಂಗೋಲಿ ಬಿಟ್ಟ ಹಾಗೆ ಬೀಳುತ್ತಿತ್ತು. ಸುಳ್ಳೇಕೆ, ಚೆಂದವಿತ್ತು. ನಾವಿಬ್ಬರೂ ದಿನಾ ಹೋಗಿ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆವು. ಅತ್ತೆಯ ನೆನಪು ಒಂದು ಸಲವೂ ಬರಲಿಲ್ಲ.

ಒಂದು ದಿನ ಚೇತನ್ ಕುಮಾರ್ ನಮಗೆ ವಿವರಿಸಿದ. ಲೈನು ಇಲ್ಲಿ ತಿರುಗುತ್ತೆ, ಹಾಗಾಗಿ ತಂತಿಗಳೆಲ್ಲ ಟವರನ್ನು ಒಂದೇ ಕಡೆಗೆ ಎಳೆಯುತ್ತವೆ. ಆ ಕಡೆಯ ಎರಡು ಕಾಲು ನೆಲಕ್ಕೆ ಒತ್ತುತ್ತವೆ. ಬಾವಿ ಕಡೆಯವು ಎರಡೂ ಸದಾ ಮೇಲೇಳೋಕೆ ನೋಡುತ್ತವೆ. ಏಳದಂತೆ ಹಿಡಿಯುವುದು ಯಾವುದು ಹೇಳಿ ಅಂತ ನಮ್ಮನ್ನೇ ಕೇಳಿದ. ಸಿಮೆಂಟು ಅಂದೆ. ಅವನು ನಕ್ಕ. ಸಿಮೆಂಟಿನ ಪಾದ ತಳದಲ್ಲಿ ಅಗಲವಾಗಿದೆ, ಅದರ ಮೇಲೆ ಗುಂಡಿಯಿಂದ ತೆಗೆದ ಮಣ್ಣನ್ನೇ ತುಂಬಿದ್ದೀವಲ್ಲ, ಆ ಮಣ್ಣಿನ ಭಾರವೇ ಟವರನ್ನು ಹಿಡಿದಿರೋದು ಅಂದ.

ಅವತ್ತು ಪ್ರಭುದೇವ ಊಟ ಬಿಟ್ಟ. ಆ ಮಣ್ಣಿನಲ್ಲಿ ಇನ್ನೇನಿತ್ತು ಅಂತ ನಮಗೆ ಗೊತ್ತಿತ್ತಲ್ಲ.

ಲೋಹಿತ ಬಂದಳು. ಹೊಲದ ಗುರುತೇ ಸಿಗದ ಹಾಗೆ ಜೆಸಿಬಿ ಮಟ್ಟ ಮಾಡಿತ್ತು. ಪ್ರಭುದೇವ ಮೊದಲೇ ಹೊಲದ ಅಂಚಿನ ಹೊಂಗೆ ಮರದ ಕೆಳಗೆ ಬೇರೊಂದು ಕಲ್ಲು ನೆಟ್ಟಿದ್ದ. ಟವರಿನವರಿಗೆ ಹೇಳಿ ಈ ಜಾಗ ಉಳಿಸಿದೆ ಅಂತ ತೋರಿಸಿದ. ಅವಳು ಇನ್ನೂ ಈಚೆಗಿತ್ತೇನೋ ಅನ್ಕೊಂಡಿದ್ದೆ ಅಂದಳು, ಅಷ್ಟೇ. ಆ ಕಲ್ಲಿಗೆ ಅಡ್ಡಬಿದ್ದು, ಎದ್ದು, ಪ್ರಭುದೇವನಿಗೂ ಕೈ ಮುಗಿದಳು. ನಾನು ನೆಲ ನೋಡುತ್ತಾ ನಿಂತಿದ್ದೆ. ಅವ್ವನಿಗೆ ಇಲ್ಲೇ ಚೆನ್ನಾಗಿ ಒಂದು ಕಟ್ಟೆ ಕಟ್ಟಿಸ್ತೀನಿ, ಗಾರೆಯವರನ್ನು ಗೊತ್ತುಮಾಡು ಬಾವ ಅಂತ ಹೇಳಿ ಹೋದಳು.

ಇದಾದ ಮೇಲೇ ಲೈನಿಗೆ ಕರೆಂಟು ಬಿಟ್ಟದ್ದು, ಅವನಿಗೆ ಆ ದನಿ ಕೇಳಿದ್ದು. ಒಂದು ದಿನವಲ್ಲ... ಮಂಜು ಬಿದ್ದ ರಾತ್ರಿಯೆಲ್ಲ. ಅದೇ ಮಾತು, ಅದೇ ಕಾಲಿನ ಬುಡದಿಂದ. ಲೋಹಿತಳಿಗೆ ಹೇಳಿಬಿಡು ಅಂತ ನಾನು ಹೇಳಬಹುದಿತ್ತು. ಹೇಳಲಿಲ್ಲ. ಹೇಳಿದರೆ ನನ್ನ ಹೆಸರೂ ಬರುತ್ತಿತ್ತು.

ಸೋಮವಾರ ಗಾರೆಯವರು ಬರಬೇಕು. ಭಾನುವಾರ ರಾತ್ರಿ ಕಡೇ ಬಸ್ಸಿಗೆ ಲೋಹಿತ ಬಂದಳು. ಕರೆದುಕೊಂಡು ಬರಲು ಪ್ರಭುದೇವ ಗೇಟಿಗೆ ಹೋಗಿದ್ದ. ಇಬ್ಬರೂ ಆಲದಮರ ದಾಟಿ, ಬಾವಿ ದಾಟಿ ಬಂದರು. ಮಂಜು... ಜುಂಯ್ ಅನ್ನುವ ತಂತಿ... ಚಿಟ್... ಚಿಟ್. ಟವರಿನ ಹತ್ತಿರ ಬಂದಾಗ ಅವನ ಕಾಲು ನಿಂತೇ ಹೋಯಿತು. ಅವತ್ತು ದನಿ ಇನ್ನೂ ಹತ್ತಿರದಲ್ಲಿ ಕೇಳಿತಂತೆ. ಲೋಹಿತಳಿಗೆ ಏನೂ ಕೇಳಿಸಲಿಲ್ಲ.

"ಯಾಕ್ ಬಾವ, ನಿಂತ್ಬುಟ್ಟೆ?"

"ನಾಳೀಕೆ ಗಾರೆಯೋರ್ ಬ್ಯಾಡ ಕಣಮ್ಮ..."

"ಯಾಕೆ?"

"ನಿಮ್ಮವ್ವ ಅಲ್ಲಿಲ್ಲ."

ಅವನು ಆ ಕಾಲನ್ನು ತೋರಿಸಿದ. ಬಾವಿಗೆ ಹಾಕಿದ ಕಲ್ಲು, ಅದಕ್ಕೆ ಕೈ ಹಚ್ಚಿದ ನನ್ನ ಹೆಸರು, ತಾನೇ ನೆಟ್ಟ ಸುಳ್ಳು ಕಲ್ಲು, ಬೋರ್‌ವೆಲ್, ಎಲ್ಲಾ ಹೇಳಿದ. ಬಿಕ್ಕುತ್ತಾ ಹೇಳಿದ. ಅವಳು ಕೇಳಿದ್ದು ಒಂದೇ.

"ಮೂಳೆ ಕಂಡಾಗ... ಅವ್ರಿಗೇನಂದೆ?"

"ದನ ಅಂದೆ."

ಬೈದಿದ್ದರೆ ಚೆನ್ನಾಗಿತ್ತು ಅಂತ ಅವನು ಈಗಲೂ ಹೇಳ್ತಾನೆ. ಕೈಚೀಲ ಅವನ ಕಾಲ ಬಳಿ ಇಟ್ಟು, ನೀನು ಬರಬೇಡ ಅಂತ ಹೇಳಿ, ಒಬ್ಬಳೇ ಟವರಿನ ನಾಲ್ಕು ಕಾಲಿನ ಒಳಗೆ ಹೋದಳು. ಕತ್ತಲಲ್ಲಿ ಏನೂ ಕಾಣಲಿಲ್ಲ. ಅವಳ ಮಾತು ಮಾತ್ರ ಕೇಳುತ್ತಿತ್ತು... ಪಿಸುಪಿಸು. ಒಂದು ಮಾತು, ಸ್ವಲ್ಪ ಹೊತ್ತು ಮೌನ. ಮತ್ತೊಂದು ಮಾತು, ಮತ್ತೆ ಮೌನ. ಎದುರಿಗೆ ಕೂತವರು ಉತ್ತರ ಕೊಡುವಷ್ಟು ಹೊತ್ತಿನ ಮೌನ. ಕಾಲು ಗಂಟೆಯಾದ ಮೇಲೆ ಬಂದಳು. ಕೈಚೀಲ ತಾನೇ ಎತ್ತಿಕೊಂಡು ಮನೆ ಕಡೆ ಮುಂದೆ ನಡೆದಳು.

ಬಾಗಿಲು ತೆಗೆದದ್ದು ಪ್ರಭುದೇವನ ಹೆಂಡತಿ ಭವ್ಯ. ಅವಳಿಗೆ ಇದ್ಯಾವುದೂ ಗೊತ್ತಿಲ್ಲ. ಟ್ಯೂಬ್‌ಲೈಟಿನ ಬೆಳಕಿನಲ್ಲಿ ಲೋಹಿತಳ ಮುಖ ನೋಡಿದವಳೇ ಕೇಳಿದಳು. "ಇಷ್ಟೊತ್ನಲ್ಲಿ ಯಾವ್ ಗುಡೀಗ್ ಹೋಗಿದ್ರಕ್ಕ?"

ಲೋಹಿತಳ ಹಣೆಯ ತುಂಬ ಮೂರೆಳೆ ವಿಭೂತಿ. ಅವಳು ಹಣೆ ಮುಟ್ಟಿಕೊಂಡು ಬೆರಳು ನೋಡಿಕೊಂಡಳು. ಬೆಳ್ಳಗಿತ್ತು. ಅವಳ ಚೀಲದಲ್ಲಿ ವಿಭೂತಿ ಇರಲಿಲ್ಲ, ಬೆಳಗಿನ ಪೂಜೆಗೆ ತರಿಸಿಡು ಅಂತ ಭವ್ಯಳಿಗೆ ಅವಳೇ ಫೋನು ಮಾಡಿದ್ದಳು. ನೀನೇ ಹಚ್ಚಿಕೊಂಡೆಯಾ ಅಂದರೆ ಇಲ್ಲ. ಯಾರು ಹಚ್ಚಿದರು ಅಂದರೆ ಟವರಿನ ಕಡೆ ತಿರುಗಿ ನೋಡಿದಳು.

ಬೆಳಿಗ್ಗೆ ನಾನೂ ಹೋಗಿ ನೋಡಿದೆ, ಅವಳಿನ್ನೂ ಮುಖ ತೊಳೆದಿರಲಿಲ್ಲ. ಅಷ್ಟು ನೀಟಾಗಿ, ಅಷ್ಟು ಸಮವಾಗಿ ಎಳೆದದ್ದು ಅಳುತ್ತಾ ಕತ್ತಲಲ್ಲಿ ತಾನೇ ಹಚ್ಚಿಕೊಂಡದ್ದಲ್ಲ. ಅಷ್ಟು ಮಾತ್ರ ನಾನು ಯಾವ ದೇವರ ಮುಂದೆ ಬೇಕಾದರೂ ಹೇಳ್ತೀನಿ. ಪ್ರಭುದೇವನ ಹಣೆಯಲ್ಲಿ ಏನೂ ಇರಲಿಲ್ಲ.

ಕಟ್ಟೆ ಕಟ್ಟಲಿಲ್ಲ. ದನಿ ಅವತ್ತಿಗೇ ನಿಂತಿತು. ಲೋಹಿತ ಈಗಲೂ ಬರುತ್ತಾಳೆ, ಟವರಿನ ಕೆಳಗೆ ಕೂತು ಎದ್ದು ಹೋಗುತ್ತಾಳೆ, ನಮ್ಮಿಬ್ಬರ ಮನೆಯಲ್ಲೂ ನೀರು ಮುಟ್ಟುವುದಿಲ್ಲ. ನಂಬದಿದ್ದರೆ ಮಧುಗಿರಿಗೆ ಹೋಗಿ ಅವಳನ್ನೇ ಕೇಳಿ. ಪ್ರಭುದೇವ ದಿನಾ ಸಂಜೆ ಆ ಕಾಲಿನ ಹತ್ತಿರ ಹೋಗಿ ಕೂರುತ್ತಾನೆ. ತಪ್ಪಾಯ್ತು ಅತ್ತೆ ಅನ್ನುತ್ತಾನೆ. ಮನೆಗೆ ಬಂದು ಮೊದಲು ಕನ್ನಡಿ ನೋಡಿಕೊಳ್ಳುತ್ತಾನೆ. ಎರಡು ವರ್ಷವಾಯಿತು, ಬರೀ ಹಣೆ.

ನಾನು ಹೋದದ್ದು ಒಂದೇ ಸಲ, ಹೋದ ತಿಂಗಳು. ಸ್ವಲ್ಪ ಹೊತ್ತು ಕೂತಿದ್ದು ಬಂದೆ. ಕನ್ನಡಿಯ ಹತ್ತಿರ ಹೋಗಲಿಲ್ಲ. ಹಿತ್ತಲಿಗೆ ಹೋಗಿ, ಕಣ್ಣು ಮುಚ್ಚಿಕೊಂಡು ಮುಖ ತೊಳೆದುಬಿಟ್ಟೆ. ತೊಳೆದ ನೀರು ಯಾವ ಬಣ್ಣದ್ದಿತ್ತು ಅಂತಲೂ ನೋಡಲಿಲ್ಲ.