ರಾಜೇಶ್ವರಿ ಪಳಗಿಸಿದ ಕುದರಿ

ರೋಣದಿಂದ ಬರೋ ಕಡೀ ಬಸ್ಸು ಜಕ್ಕಲಿ ಸ್ಟಾಪಿನಾಗ ರಾಜೇಶ್ವರಿ ಒಬ್ಬಾಕಿನ್ನ ಇಳಿಸಿ ಹೋತು. ಹಿಂದಿನ ಕೆಂಪು ದೀಪ ತಿರುವಿನ್ಯಾಗ ಮರೆ ಆತು. ಆಮ್ಯಾಲ... ಬರೇ ಕತ್ತಲಿ. ಊರಾಗ ಕರೆಂಟ ಹೋಗಿತ್ತು.

ರಾಜೇಶ್ವರಿ ಅಂದ್ರ ನಮ್ಮ ಸೋದರತ್ತಿ ಮಗಳು. ಆಕಿನೂ ನಾನೂ ಒಂದ ಊರಿಗೆ, ಒಂದ ಓಣಿಗೆ ಸೊಸಿ ಆಗಿ ಬಂದವ್ರು. ರೋಣದಾಗ ಒಂದ ಖಾಸಗಿ ದವಾಖಾನ್ಯಾಗ ಆಕಿ ನರ್ಸ್. ಅಂಜೂ ಹೆಣಮಗಳಲ್ಲ. ನಡುರಾತ್ರ್ಯಾಗ ಸತ್ತವರ ಕಣ್ಣು ತನ್ನ ಕೈಲೆ ಮುಚ್ಚಿ, ಹೋಗಿ ಚಾ ಕುಡದಾಕಿ. ಇದನ್ನ ಮೊದ್ಲ ಯಾಕ ಹೇಳ್ತೀನಂದ್ರ, ಮುಂದ ನಾ ಹೇಳೋದನ್ನ ಕೇಳಿ, ಹೆದರಿದಾಕಿ ಏನೋ ಕಂಡಾಳ ಅಂತ ನೀವು ತಳ್ಳಿ ಹಾಕಬಾರ್ದು.

ಸ್ಟಾಪಿನಿಂದ ಮನಿಗೆ ಬರೋ ದಾರ್ಯಾಗ ಹಳೇ ಭಾವಿ ಐತಿ. ಮಗ್ಗಲಕ ಆಲದ ಗಿಡ, ಸುತ್ತ ಹಾಸಗಲ್ಲು. ಫೋನಿನ್ಯಾಗ ಚಾರ್ಜ ಕಡಿಮಿ ಇತ್ತಂತ ಆಕಿ ಬೆಳಕ ಹಚ್ಚಲಿಲ್ಲ. ದಾರಿ ಕಾಲಿಗೆ ಗೊತ್ತಿತ್ತು. ಭಾವಿ ದಾಟಿದ್ಲು.

ಹಿಂದ ಸಪ್ಪಳ ಕೇಳಿಸ್ತು.

ಟಕ್... ಟಕ್... ಹಾಸಗಲ್ಲಿನ ಮ್ಯಾಲ.

ಯಾರದೋ ಎತ್ತು ಹಗ್ಗ ಹರ್ಕೊಂಡು ಬಂದೈತಿ ಅಂದ್ಕೊಂಡ್ಲು. ಆದ್ರ ಎತ್ತಿನ ಗೊರಸು ಸೀಳಿರತೈತಿ, ಹೆಜ್ಜಿ ಸಪ್ಪಳನೂ ಒಡದು ಕೇಳತೈತಿ. ಇದು ಒಂದ ಗಟ್ಟಿ ಗೊರಸು. ಜಕ್ಕಲ್ಯಾಗ ಕುದರಿ ಯಾರ ಮನ್ಯಾಗೂ ಇಲ್ಲ.

ಆಕಿ ನಿಂತ್ಲು. ಅದೂ ನಿಂತಿತು.

ಫುರ್ರ್... ಅಂತ ಮೂಗಿನ ಉಸುರು. ಅದರ ಹಿಂದ ಇನ್ನೊಂದ ಸಪ್ಪಳ. ತೊಯ್ದ ಕೌದಿ ಝಾಡಿಸಿದ್ರ ಹ್ಯಾಂಗ ಬರತೈತಿ... ಫಡ್... ಹಂಗ.

ಆ ಸಪ್ಪಳ ಕೇಳಿದ ಕೂಡ್ಲೆ ಆಕಿಗೆ ತಿಳೀತು, ಹಿಂದ ನಿಂತಿದ್ದು ಏನು ಅಂತ. ಆ ಸಪ್ಪಳ ಆಕಿ ಮೊದ್ಲ ಕೇಳಿದ್ಲು. ಹೊರಗಲ್ಲ. ಫೋನಿನ್ಯಾಗ.

ದವಾಖಾನ್ಯಾಗ ಆಕಿ ಜೋಡಿ ನಾಜಮೀನ ಅಂತ ನರಗುಂದದ ಹುಡುಗಿ ಕೆಲಸಾ ಮಾಡತಿದ್ಲು. ರಾತ್ರಿ ಪಾಳಿಯಾಗ ನಿದ್ದಿ ಬರಬಾರ್ದಂತ ಆಕಿನ ರಾಜೇಶ್ವರಿಗೆ ಫೋನಿನ್ಯಾಗ ಇಬ್ರೂ ಕೂಡಿ ಆಡೋ ಒಂದ ಆಟ ಕಲಿಸಿದ್ಲು. ಆ ಆಟದಾಗ ನಿಮ್ಮನ್ನ ದಟ್ಟ ಅಡವ್ಯಾಗ ಬರಿಗೈಲೆ ಬಿಡತಾರ. ಕಟಗಿ ಕಡದು ಗುಡಸಲಾ ಹಾಕ್ಕೋಬೇಕು, ತಿನ್ನಾಕ ಹುಡುಕ್ಕೋಬೇಕು. ಚಳಿಗೆ ಸಾಯಬೌದು, ಹಸಿವಿಗೆ ಸಾಯಬೌದು. ಎಲ್ಲಾಕ್ಕಿಂತ ಕೆಟ್ಟದ್ದು ಒಂದ ಕುದರಿ. ಕರೇದು. ಅದಕ್ಕ ಬಾವಲಿ ರೆಕ್ಕಿ. ರಾತ್ರಿ ಅಷ್ಟ ಬರತೈತಿ, ಬೆನ್ನ ಹಿಂದನ ಬರತೈತಿ. ಆಡಾವ್ರು ಭಾಳ ಮಂದಿ ಅದರ ಗೊರಸಿನ ಕೆಳಗ ಸಿಕ್ಕು ಆಟ ಕಳಕೊಂಡಾರ.

ಆದ್ರ ಅದನ್ನ ಪಳಗಿಸಾಕ ಬರತೈತಿ. ಪಳಗಿಸಿದ್ರ ಅದರ ಮ್ಯಾಲ ಕುಂತು ಇಡೀ ಅಡವಿ ತಿರಗಬೌದು, ಮತ್ತ ಯಾವ ಪ್ರಾಣಿದೂ ಅಂಜಿಕಿ ಇಲ್ಲ. ಪಳಗಿಸೋದು ಹ್ಯಾಂಗಂದ್ರ... ತಿರುಗಿ ನೋಡಬಾರ್ದು. ಓಡಬಾರ್ದು. ತಿನ್ನೋದನ್ನ ಅಂಗೈ ಮ್ಯಾಲಿಟ್ಟು ಕೈ ಹಿಂದಕ ಚಾಚಬೇಕು. ತಿಂತೈತಿ, ಸರೀತೈತಿ, ಮತ್ತ ಬರತೈತಿ. ಅದರ ಹೊಟ್ಟಿ ತುಂಬೋತನಕ ಕೊಡಬೇಕು. ನಡುವ ನಿಮ್ಮ ಹತ್ರ ಇದ್ದದ್ದು ತೀರಿತಂದ್ರ ನಿಮ್ಮನ್ನ ತಿಂತೈತಿ. ಹೊಟ್ಟಿ ತುಂಬಿದ ಮ್ಯಾಲ ಅದ ಹಣಿ ಕೊಡತೈತಿ. ಹಣಿ ಮ್ಯಾಲ ಕೈಯಿಟ್ಟು, ಕೈ ತಗಿಯೂದರಾಗ ಒಂದ ಹುಕುಂ ಕೊಡಬೇಕು. ಇಲ್ಲಂದ್ರ ಮಾಡಿದ್ದೆಲ್ಲಾ ದಂಡ. ಕೊಟ್ರ, ಅದು ನಿಮ್ಮದು. ನಿಮ್ಮ ಗುಡಸಲದ ಮ್ಯಾಲ ಬಂದು ನಿಂದ್ರತೈತಿ.

ನಾಜಮೀನಗ ತಾಳ್ಮಿ ಸಾಲ್ತಿರಲಿಲ್ಲ. ಪ್ರತಿ ಸಲ ತಿರುಗಿ ನೋಡಿ ಸಾಯಾಕಿ. ರಾಜೇಶ್ವರಿ ಬ್ಯಾರೆ. ನೋವಿಗೆ ಒದರಾಡೋ ಪೇಶಂಟಿನ ಕೈ ಹಿಡಕೊಂಡು ಬೆಳತನಕ ಸುಮ್ನ ಕುಂಡ್ರಾಕಿ. ಆಡಿ ಆಡಿ, ಆ ವಾರ ಒಂದಿನ ಕುದರಿ ಹಣಿ ಮುಟ್ಟಿ ಹುಕುಂ ಕೊಟ್ಲು, ಅದು ಆಕಿ ಗುಡಸಲದ ಮ್ಯಾಲ ಬಂದು ನಿಂತಿತು. ಮರುದಿನ ನನಗ ಹೇಳುವಾಗ ಆಕಿ ಮುಖ ನೋಡಬೇಕಿತ್ತು ನೀವು, ಪರೀಕ್ಷಾ ಪಾಸಾದ ಹುಡುಗಿ ಹಂಗ. ನಾ ನಕ್ಕಿದ್ದೆ. ಹಗಲಿ ದನಾ ಕಟ್ಟಾಕ ಬ್ಯಾಸರಾ, ರಾತ್ರಿ ಫೋನಿನ್ಯಾಗ ಕುದರಿ ಕಟ್ತೀ ಅಂದಿದ್ದೆ.

ಈಗ ಭಾವಿ ಕಡೆ ಬರ್ರಿ.

ಆಕಿ ತಿರುಗಿ ನೋಡಲಿಲ್ಲ. ಓಡಲಿಲ್ಲ. ಆವತ್ತು ಪೇಶಂಟಿನ ಗದ್ದಲದಾಗ ಬುತ್ತಿ ಉಣ್ಣಾಕ ಆಗಿದ್ದಿಲ್ಲ, ಖಡಕ್ ರೊಟ್ಟಿ ಹಂಗ ಉಳದಿದ್ವು. ಚೀಲದಾಗ ಕೈ ಹಾಕಿ ಒಂದ ರೊಟ್ಟಿ ತಗದ್ಲು. ಅಂಗೈ ಮ್ಯಾಲಿಟ್ಟು ಕೈ ಹಿಂದಕ ಚಾಚಿದ್ಲು.

ಏನೂ ಆಗಲಿಲ್ಲ... ಆಲದ ಗಿಡದ ಎಲಿನೂ ಅಳ್ಳಾಡಲಿಲ್ಲ...

ಬೆರಳಿಗೆ ಬಿಸಿ ಉಸುರು ಹತ್ತಿತು. ಮೆತ್ತನ್ನ ತುಟಿ ಅಂಗೈ ತಡವಿತು. ಕಟಂ. ರೊಟ್ಟಿ ಮುರೀತು. ಕಟಂ... ಕಟಂ... ಅಗಿಯೋ ಸಪ್ಪಳ ಆಕಿ ತಲಿಗಿಂತ ಮ್ಯಾಲ ಕೇಳಸ್ತಿತ್ತು. ಅಷ್ಟ ಎತ್ತರ ಇತ್ತು ಅದು.

ಆಕಿ ನಡದ್ಲು. ಅದೂ ನಡೀತು. ಹಾಸಗಲ್ಲು ಮುಗದು ಮಣ್ಣಿನ ದಾರಿ ಬಂತು. ಟಕ್ ಅನ್ನೋದು ಹೋಗಿ ಧಬ್... ಧಬ್... ಅನ್ನಾಕ ಹತ್ತಿತು. ಇನ್ನೊಂದ ರೊಟ್ಟಿ ಕೊಟ್ಲು. ಮತ್ತೊಂದ. ಮಗಳಿಗಂತ ತಂದ ಬಾಳಿಹಣ್ಣು ಸಿಪ್ಪಿ ಸುದ್ದಾ ಕೊಟ್ಲು. ಓಣಿ ತುದ್ಯಾಗ ಇಸ್ಮಾಯಿಲಸಾಬನ ನಾಯಿ ಐತಿ, ದಿನಾ ಆಕಿನ್ನ ಕಂಡು ಬೊಗಳೂದು. ಅದು ಎದ್ದು ಬಂತು. ಆಕಿ ಹಿಂದ ನೋಡಿತು. ಬಾಲಾ ಮುದುಡಿ ಬಂಡಿ ಕೆಳಗ ಹೊಕ್ಕಿತು. ಒಂದ ಸದ್ದಿಲ್ಲ.

ಮನಿ ಬಾಗಲಾ ಕಾಣೂ ಹೊತ್ತಿಗೆ ಚೀಲಾ ಖಾಲಿ ಆತು.

ಹಿಂದ ಮತ್ತ ಉಸುರು. ಕೊಡಾಕ ಏನಿಲ್ಲ. ಆಕಿ ಖಾಲಿ ಕೈನ ಹಿಂದಕ ಚಾಚಿ, ಹೆಜ್ಜಿ ತಪ್ಪದಂಗ ನಡದ್ಲು. ತುಟಿ ಅಂಗೈ ಹುಡುಕಿತು. ಬೆರಳ ಸಂದಿ ಹುಡುಕಿತು. ಆಮ್ಯಾಲ ಹಲ್ಲು ಮಣಿಕಟ್ಟಿಗೆ ಹತ್ತಿತು... ಕಡೀಲಿಲ್ಲ, ಹಿಡದು ನೋಡಿತು. ಅಷ್ಟರಾಗ ಆಕಿ ಕೈಗೆ ಬಾಗಲ ಚಿಲಕ ಸಿಕ್ಕಿತು. ಕೈ ಕಿತ್ಗೊಂಡು ಒಳಗ ಬಂದು ಅಗಳಿ ಹಾಕಿದ್ಲು.

ಹೊರಗ ಫಡ್... ಫಡ್... ಎರಡ ಸಲ.

ಆಮ್ಯಾಲ ಧಡ್ ಅಂತ ಮಾಳಗಿ ಮ್ಯಾಲ.

ಅವರದು ಹಳೇ ಮಾಳಗಿ ಮನಿ, ಮ್ಯಾಲ ಸಪಾಟ ಮಣ್ಣಿನ ಛಾವಣಿ. ತೊಲಿ ಕಿರ್ ಅಂದ್ವು. ಜಂತಿ ಸಂದ್ಯಾಗಿಂದ ಮಣ್ಣು ಸುರ್ರ್ ಅಂತ ಉದುರಿತು. ಗಂಡ ಹಾಲೇಶ ಗೂಡ್ಸ ಗಾಡಿ ತಗೊಂಡು ಉಳ್ಳಾಗಡ್ಡಿ ಹಾಕಾಕ ಹುಬ್ಬಳ್ಳಿಗೆ ಹೋಗಿದ್ದ. ಮನ್ಯಾಗ ಇದ್ದವ್ರು ಅತ್ತಿ ಮುದುಕವ್ವ, ಮತ್ತ ನಿದ್ದಿ ಹತ್ತಿದ ಸಣ್ಣ ಮಗಳು. ಕೂಸು ಮಲಗಿದ್ದು ಬೆಳಕಿಂಡಿ ಕೆಳಗ. ಬೆಳಕಿಂಡಿ ಅಂದ್ರ ಗೊತ್ತಲ್ಲ, ಮಾಳಗ್ಯಾಗ ಬೆಳಕಿಗಂತ ಬಿಟ್ಟ ಕಿಂಡಿ.

"ಮ್ಯಾಲ ಯಾರವ್ವ?" ಮುದುಕವ್ವ ಕತ್ತಲ್ಯಾಗ ಕೇಳಿದ್ಲು.

"ಯಾರಿಲ್ಲರಿ ಅತ್ತಿ. ಮಲಗ್ರಿ."

ಮುದುಕವ್ವ ಮಲಗಲಿಲ್ಲ. ಮ್ಯಾಲ ಗೊರಸು ಮಣ್ಣು ಕೆರಿಯಾಕ ಹತ್ತಿತ್ತು. ಕರ್ರ್... ಕರ್ರ್... ಮುದುಕಿ ಸುಮ್ನ ಕೇಳಿಸ್ಕೊಂಡ್ಲು.

"ಹಸದೈತಿ ಅದು," ಅಂದ್ಲು.

ಆವಾಗ ಚೀಲದಾಗ ಫೋನು ಗುಂಯ್ ಅಂತು. ನಾಜಮೀನ. ನಿದ್ದಿ ಬರದ, ನರಗುಂದದ ಮನ್ಯಾಗ ಆಟಾ ತಗದು ಕುಂತಿದ್ಲಂತ. ಪಿಸುಗುಟ್ಟಿ ಕೇಳಿದ್ಲು, ರಾಜಿ, ನೀ ಈಗ ಆಟದಾಗ ಇದ್ದೀ ಏನಂತ. ಇಲ್ಲ, ಬಸ್ಸಿಳದು ಈಗ ಮನಿಗೆ ಬಂದೆ ಅಂದ್ಲು ಈಕಿ.

"ನಾ ಆಟದಾಗ ನಿನ್ನ ಗುಡಸಲದ ಮುಂದ ನಿಂತೀನಿ. ಮ್ಯಾಲ ಕುದರಿ ಇಲ್ಲ."

ರಾಜೇಶ್ವರಿ ಫೋನನ್ನ ಮಾಳಗಿ ಕಡೆ ಎತ್ತಿ ಹಿಡದ್ಲು. ಕರ್ರ್... ಕರ್ರ್... ಆ ಕಡೆ ನಾಜಮೀನ ಉಸುರು ಬಿಗಿಹಿಡದ್ಲು. ಫೋನಂತೂ ಇಡಲಿಲ್ಲ.

ಬೆಳಕಿಂಡ್ಯಾಗ ಚುಕ್ಕಿ ಕಾಣತಿದ್ವು. ನೋಡನೋಡತ ಒಂದೂ ಕಾಣದಂಗಾತು. ಕಿಂಡಿ ಅಂಚಿನ ಮಣ್ಣು ಹೆಂಟಿ ಹೆಂಟಿ ಆಗಿ ಕೂಸಿನ ಹಾಸಿಗಿ ಮ್ಯಾಲ ಬಿತ್ತು. ರಾಜೇಶ್ವರಿ ಕೂಸನ್ನ ಕೌದಿ ಸುದ್ದಾ ಜಗ್ಗಿ ಮೂಲಿಗೆ ಹಾಕಿದ್ಲು. ಮಲಗೋ ಹೊರಸು ಎಳದು ಕಿಂಡಿ ಕೆಳಗ ಇಟ್ಟು ಹತ್ತಿ ನಿಂತ್ಲು. ಅತ್ತಿಗೆ ಏನೂ ಹೇಳೂದು ಬೇಕಾಗಲಿಲ್ಲ. ಮುದುಕವ್ವ ಜ್ವಾಳದ ಚೀಲದ ಬಾಯಿ ಬಿಚ್ಚಿ, ಮೊರದಾಗ ತುಂಬಿ ತಂದು ಕೈಗೆ ಕೊಟ್ಲು.

ಬೊಗಸಿ ತುಂಬಿ ಮ್ಯಾಲಕ ಹಿಡದ್ಲು. ತುಟಿ ಇಳದು ಬಂತು. ಜ್ವಾಳ ಅರಿಯೋ ಸಪ್ಪಳ... ಬೀಸೂಕಲ್ಲು ತಿರುವಿದಂಗ. ಮತ್ತ ಬೊಗಸಿ. ಮತ್ತ. ತೋಳು ಸೋತು ನಡಗಾಕ ಹತ್ತಿದ್ವು, ಉದುರಿದ ಕಾಳು ಆಕಿ ಕೂದಲದಾಗ, ಕುಪ್ಪಸದಾಗ ಹೊಕ್ಕಿದ್ವು. ಕೆಳಗ ಮುದುಕವ್ವ ಮೊರ ತುಂಬೋ ಸಪ್ಪಳ ಬದಲಾಗಿದ್ದು ಆಕಿಗೆ ಗೊತ್ತಾತು. ಚೀಲದ ತಳ ಬಂದಿತ್ತು.

ಕಡೀ ಬೊಗಸಿ ಹಿಡದ್ಲು.

ಅದು ಅರ್ಧಾ ತಿಂತು. ಅರ್ಧಾ ಬಿಟ್ಟಿತು. ಉದ್ದಕ ಒಂದ ಉಸುರು ಬಿಟ್ಟು, ಹಣಿ ತಂದು ಕಿಂಡಿಗೆ ಆನಿಸಿತು.

"ಕೈಯಿಡು," ಫೋನಿನ್ಯಾಗಿಂದ ನಾಜಮೀನ ಪಿಸುಗುಟ್ಟಿದ್ಲು. "ಯಾವ್ದರ ಊರಿಗೆ ಕಳಸು. ಲಗೂ ಹೇಳು ರಾಜಿ, ಯಾವ್ದರ ಊರು."

ಆಕಿ ಕೈ ಇಟ್ಲು. ಉಸುರು ಅಷ್ಟ ಬಿಸಿ ಇದ್ರೂ ಹಣಿ ಥಣ್ಣಗ ಇತ್ತಂತ. ಒರಟು ಕೂದಲಾ, ಕಂಬಳಿ ಹಂಗ. ಬಾಯಿಗೆ ಮೊದ್ಲ ಬಂದಿದ್ದು ಶಿರೋಳ. ಅಲ್ಲಿ ತನ್ನವ್ರು ಯಾರೂ ಇಲ್ಲ, ಅದಕ್ಕ ಬಂತು. ನನಗ ಆಕಿನ ಹೇಳಿದ್ದಿದು, ಏನೂ ಮುಚ್ಚದ. ಅರ್ಧಾ ಹೆಸರು ನಾಲಿಗಿ ಮ್ಯಾಲ ಇತ್ತು. ಆವಾಗ ಅನ್ನಿಸಿತಂತ, ಶಿರೋಳದಾಗೂ ಬೆಳಕಿಂಡಿ ಅದಾವ. ಅವುಗಳ ಕೆಳಗೂ ಯಾರದೋ ಕೂಸು ಮಲಗಿರತೈತಿ.

ಹೆಸರು ನುಂಗಿದ್ಲು.

"ಇಲ್ಲೇ ಇರು," ಅಂದ್ಲು. "ಕೆಳಗ ಇಳೀಬ್ಯಾಡ."

ಕೈ ತಗದ್ಲು...

ಮ್ಯಾಲ ಒಂದ ಸಪ್ಪಳ ಬಂತು, ದೊಡ್ಡ ಕೌದಿ ನಿಧಾನಕ ಮಡಚಿಟ್ಟಂಗ. ಮಣ್ಣು ಉದುರೂದು ನಿಂತಿತು. ಬೆಳಕಿಂಡ್ಯಾಗ ಮತ್ತ ಚುಕ್ಕಿ ಕಂಡ್ವು. ಮುದುಕವ್ವ ಹೊರಸಿನ ಕಾಲ ಹತ್ರ ಕುಂತು ಸೊಸಿ ಪಾದ ಹಿಡಕೊಂಡ್ಲು. ಹಂಗ ಬೆಳಗಾತು.

ಹಾಲೇಶ ಹೊತ್ತೇರಿದ ಮ್ಯಾಲ ಬಂದ. ಹೆಂಡ್ತಿ ಹೇಳಿದ್ದು ಕೇಳಿ ನಕ್ಕ. ಆಮ್ಯಾಲ ಜ್ವಾಳದ ಚೀಲಾ ಎತ್ತಿ ನೋಡಿ ನಗೂದು ಬಿಟ್ಟ. ಏಣಿ ಹಚ್ಚಿ ಮಾಳಗಿ ಹತ್ತಿದ. ಇಳದು ಬಂದ ಮ್ಯಾಲ ಅಲ್ಲೇನ ಕಂಡೆ ಅಂತ ಯಾರ ಕೇಳಿದ್ರೂ ಹೇಳಲಿಲ್ಲ. ಮರುದಿನ ಯಾರನ್ನೂ ಕರೀದ ತಾನ ಒಬ್ಬನ ಮಣ್ಣು ಹೊತ್ತು ಹಾಕಿ ಮಾಳಗಿ ಬಡದ.

ನಾಜಮೀನ ಆ ರಾತ್ರಿನ ಆಟಾ ಫೋನಿನಿಂದ ಅಳಿಸಿ ಹಾಕಿದ್ಲು. ಈಗ ಗಜೇಂದ್ರಗಡದ ಒಂದ ದವಾಖಾನ್ಯಾಗ ಅದಾಳ, ರಾತ್ರಿ ಪಾಳಿ ಮಾತ್ರ ಒಲ್ಲೆ ಅಂತಾಳಂತ. ರಾಜೇಶ್ವರಿ ಅಳಿಸಲಿಲ್ಲ. ಅಳಿಸಿದ್ರ ಹುಕುಂನೂ ಅಳಸತೈತೋ ಏನೋ ಅಂತ ಆಕಿಗೆ ಅಂಜಿಕಿ. ಒಂದ ಸಲ ತಗದು ನೋಡಿದ್ಲಂತ. ಅಡವಿ ಐತಿ, ಗುಡಸಲಾ ಐತಿ. ಮ್ಯಾಲ ಏನಿಲ್ಲ.

ಓಣ್ಯಾಗ ಎಲ್ಲಾರೂ ಹಳೇ ಮಾಳಗಿ ಕೆಡವಿ ಸ್ಲ್ಯಾಬು ಹಾಕ್ಸಿದ್ರು. ಮೊದ್ಲ ಸ್ಲ್ಯಾಬು ಬೇಕು ಅಂತ ಗಂಡನ ಜೋಡಿ ಜಗಳಾ ತಗೀತಿದ್ದಾಕಿ ಈಕಿನ. ಈಗ ಹಾಲೇಶ ಹಾಕ್ಸೋಣಂದ್ರ ಈಕಿ ಒಲ್ಲೆ ಅಂತಾಳ. ಯಾಕಂತ ಅವನೂ ಕೇಳೂದಿಲ್ಲ.

ನೀವು ನಂಬ್ರಿ, ಬಿಡ್ರಿ. ಇದು ಖರೇ ಆಗಿದ್ದು, ನಮ್ಮ ಓಣ್ಯಾಗ ಆಗಿದ್ದು. ಬ್ಯಾಸಿಗ್ಯಾಗ ಒಂದ್ಸಲ ಬಂದು ನೋಡ್ರಿ ಬೇಕಾದ್ರ. ಓಣಿ ಹೆಣಮಕ್ಕಳೆಲ್ಲಾ ತಮ್ಮ ಸ್ಲ್ಯಾಬು ಬಿಟ್ಟು, ಹಪ್ಪಳ ಸಂಡಿಗಿ ರಾಜೇಶ್ವರಿ ಮಾಳಗಿ ಮ್ಯಾಲನ ಒಣಹಾಕತಾರ. ನಾನೂ ಹಾಕತೀನಿ. ಕಾಯಾಕ ಯಾರೂ ಕುಂಡ್ರೂದಿಲ್ಲ. ಅಲ್ಲಿ ಕಾಗಿ ಇಳಿಯೂದಿಲ್ಲ.