ಆಟಕ್ಕೆ ಬರಬೇಕಿದ್ದ ನದಿ

...ಇಲ್ಲ ಮಿಲ್ಟನ್, ನಾನು ಜಗಳಕ್ಕೆ ಬಂದಿಲ್ಲ. ಸ್ವಲ್ಪ ಆ ಕಡೆ ಸರಿ, ಗಾಳಿಗೆ ಬೆನ್ನು ಕೊಟ್ಟು ಕೂತ್ಕೋತೀನಿ. ಈ ಕಟ್ಟೆ ಮೇಲೆ ಹೀಗೇ ಸಿಗ್ತೀಯ ಅಂತ ಗೊತ್ತಿತ್ತು, ಕಂಕುಳಲ್ಲಿ ಫ್ಲಾಸ್ಕು, ಕೈಯಲ್ಲಿ ಮಾಟೆ ಎಲೆ ತುಂಬಿದ ಸೋರೆ ಬುರುಡೆ, ಎದುರಿಗೆ ಆಚೆ ದಡ ಕಾಣದ ನೀರು. ನನಗೂ ಒಂದು ಹುಯ್ಯಿ.

ಹೂಂ, ಎಲ್ಬಿಯೊನೇ ಕಳಿಸಿದ್ದು. ಮತ್ತಿನ್ಯಾರು ಕಳಿಸ್ತಾರೆ? ಕಂಪನಿ ಅವನದು, ತಲೆನೋವು ಮಾತ್ರ ನನ್ನದು. "ಸುಲ್ಮಾ, ಸಂಜೆಯೊಳಗೆ ನನಗೊಂದು ಹೆಸರು ಬೇಕು" ಅಂದ. ನಮ್ಮ 'ಗಡಿ' ಕಂಪ್ಯೂಟರ್ ಆಟದ ಎರಡನೇ ಭಾಗದಲ್ಲಿ ಏನು ಹೊಸದು ಬರುತ್ತೆ ಅನ್ನೋ ಗುಟ್ಟನ್ನ ಅಭಿಮಾನಿಗಳ ಜಾಲತಾಣದಲ್ಲಿ ಬರೆದು ಹಾಕಿದ್ದಾರಲ್ಲ, ಆ ಪುಣ್ಯಾತ್ಮರ ಹೆಸರು. ಅವರನ್ನ ಮನೆಗೆ ಕಳಿಸದಿದ್ದರೆ ದುಡ್ಡು ಹಾಕ್ತಿರೋ ಹ್ಯಾಂಬರ್ಗಿನವನು ಒಪ್ಪಂದ ಹರಿದು ಬಿಸಾಕ್ತಾನಂತೆ. ಆಮೇಲೆ ಆಟವೂ ಇಲ್ಲ, ನಾವೂ ಇಲ್ಲ. ಕೆಳಗಿನ ಟೈರ್ ಅಂಗಡಿಯವನಿಗೆ ನಮ್ಮ ಆಫೀಸಿನ ಮಹಡಿ ಖಾಲಿ ಮಾಡಿಕೊಟ್ಟು ನಡೀಬೇಕು.

ಯಾಕೆ ನಗ್ತೀಯ? ಹ್ಯಾಂಬರ್ಗಿನವನು ಅಂದಿದ್ದಕ್ಕಾ? ಪಾಪ, ಅವನು ಮೊದಲ ದಿನ ಒಂದು ಗುಟುಕು ಹೀರಿ, ಎದೆ ಮೇಲೆ ಕೈಯಿಟ್ಟು, ಧನ್ಯವಾದ ಹೇಳೋಕೆ ಅಂತ, "ಗ್ರಾಸಿಯಾಸ್" ಅಂದುಬಿಟ್ಟನಲ್ಲ. ಮಾಟೆ ಕುಡಿಯೋರ ನಡುವೆ ಗ್ರಾಸಿಯಾಸ್ ಅಂದರೆ ನನಗೆ ಸಾಕು, ಇನ್ನು ನನ್ನ ಸರದಿ ಬೇಡ ಅಂತ, ಅವನಿಗೇನು ಗೊತ್ತು? ನೀನು ನಿಯತ್ತಾಗಿ ಅವನ ಸರದಿ ಬಿಟ್ಟು ಬಿಟ್ಟು ಬುರುಡೆ ಸುತ್ತಿಸಿದೆ. ಇಡೀ ಮಧ್ಯಾಹ್ನ ಅವನು ಪೆಚ್ಚುಮೋರೆ ಹಾಕಿಕೊಂಡು ಕೂತಿದ್ದ. ಆ ಸಿಟ್ಟಿಗೇ ಇರಬೇಕು, ಪ್ರತಿ ನಡೆಗೂ ಗಡಿಯಾರ ಕಟ್ಟಿ ಅಂತ ಹಠ ಹಿಡಿದಿದ್ದು. ಅರ್ಧ ನಿಮಿಷದಲ್ಲಿ ಯೋಚನೆ ಮಾಡಿ ದಂಡು ನಡೆಸಬೇಕಂತೆ. ನೀನೊಂದು ನಡೆ, ಅವನೊಂದು ನಡೆ, ನಡುವೆ ಒಂದು ಮಾಟೆ, ಅದಪ್ಪ ನಮ್ಮ ಆಟ. ಅರ್ಧ ನಿಮಿಷಕ್ಕೆ ನೀರೂ ಬಿಸಿಯಾಗಲ್ಲ.

ಇರಲಿ. ಎಲ್ಲಿದ್ದೆ? ಹಾಂ, ಹೆಸರು.

ನೋಡು, ನಾನು ಸುತ್ತಿ ಬಳಸಿ ಹೇಳಲ್ಲ. ತಾಣದಲ್ಲಿ ಬಂದಿರೋದು ಒಂದೇ ವಿಷಯ, ನದಿ. ಮಳೆಗಾಲದ ಸರದಿ ಬಂದಾಗ ನದಿ ಉಕ್ಕಿ ತನ್ನ ಪಾತ್ರ ಬದಲಿಸುತ್ತೆ, ನೀನು ಜೀವ ತೆತ್ತು ಗೆದ್ದ ಗಡಿ ಬೆಳಗಾಗೋದರೊಳಗೆ ಶತ್ರುವಿನ ದಡದಲ್ಲಿರುತ್ತೆ. ಇದನ್ನ ಕಟ್ಟುತ್ತಾ ಇರೋದು ಯಾರು? ನೀನು. ಅದೂ ಸಾಲದು ಅಂತ ಬರೆದವರು ಇನ್ನೊಂದು ಮಾತು ಸೇರಿಸಿದ್ದಾರೆ. ಪ್ರವಾಹ ಬರೋ ಮುಂಚೆ ಬಟ್ಟೆ ಒಗೆಯೋ ಕಲ್ಲುಗಳು ಮುಳುಗ್ತವೆ, ಜಾಣ ಆಟಗಾರ ಆ ಕಲ್ಲಿನ ಮೇಲೆ ಕಣ್ಣಿಡಬೇಕು ಅಂತ. ಆ ಕಲ್ಲು ನನ್ನ ಅಜ್ಜಿಯದು, ಮಿಲ್ಟನ್. ದುರಾಸ್ನೊ ಊರಲ್ಲಿ, ಯೀ ಅನ್ನೋ ನದಿಯ ದಡದಲ್ಲಿ ಊರವರ ಬಟ್ಟೆ ಒಗೀತಿದ್ದಳು. ಮೂರನೇ ಕಲ್ಲು ಮುಳುಗಿದರೆ ಹಾಸಿಗೆ ಸುತ್ತಿ ಅಟ್ಟಕ್ಕೆ ಹಾಕೋಳು. ಆ ಕಥೆ ನಿನಗೆ ಬಿಟ್ಟು ಈ ಮೊಂತೆವಿದೆಯೊದಲ್ಲಿ ಒಂದು ನರಪಿಳ್ಳೆಗೂ ನಾನು ಹೇಳಿಲ್ಲ.

ಹಾಗೆ ನೋಡಬೇಡ. ನಾನು ಬೇಕು ಅಂತ ನಿನ್ನ ಮೇಲೆ ಹಾಕ್ತಿಲ್ಲ. ಲೆಕ್ಕ ನೋಡಿದರೆ ನಿನ್ನ ಹತ್ತಿರವೇ ಬಂದು ನಿಲ್ಲುತ್ತೆ, ನಾನೇನು ಮಾಡಲಿ?

ಇದೇನಿದು, ಆರಿ ಹೋಗಿದೆಯಲ್ಲೋ ನೀರು. ಫ್ಲಾಸ್ಕಲ್ಲಿ ಬಿಸಿ ಇದೆಯಾ? ಮತ್ತೆ ನನಗ್ಯಾಕೆ ತಣ್ಣಗಿನದು, ಬೇಡದ ನೆಂಟರಿಗೆ ಕೊಡೋ ಹಾಗೆ? ಸರಿ, ಸರಿ, ಅದನ್ನೇ ಕುಡೀತೀನಿ.

ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ನೀನೇ "ಬರೆದು ಹಾಕಿದ್ದು ನಾನು" ಅಂದುಬಿಡು. ಪೂರ್ತಿ ಕೇಳು ಮೊದಲು. ನಿನ್ನನ್ನ ಅವರು ತೆಗೆಯೋಕಾಗಲ್ಲ. ಆಟದ ಕರುಳೆಲ್ಲ ನಿನ್ನ ತಲೆಯಲ್ಲಿದೆ. ಎಲ್ಬಿಯೊ ನಾಲ್ಕು ಬೈತಾನೆ, ಹ್ಯಾಂಬರ್ಗಿನವನು ಒಂದು ವಾರ ಮುಖ ಗಂಟಿಕ್ಕಿಕೊಂಡು ಸುಮ್ಮನಾಗ್ತಾನೆ. ಅದೇ ಬೇರೆಯವರಾದರೆ... ಈಗ ಉದಾಹರಣೆಗೆ ನಾನೇ ಅಂತಿಟ್ಕೋ. ನಿಯಮ ಬರೆಯೋ ಹೆಂಗಸು, ನಲವತ್ತಾರು ವಯಸ್ಸು. ಅವತ್ತೇ ಬಾಗಿಲು ತೋರಿಸ್ತಾರೆ. ಉದಾಹರಣೆಗೆ ಹೇಳಿದೆ ಅಷ್ಟೆ.

ಅದೂ ಅಲ್ಲದೆ, ಬರೆದು ಹಾಕಿದವರು ಕೆಟ್ಟದ್ದೇನು ಮಾಡಿದರು? ಜನ ಹುಚ್ಚೆದ್ದು ಕಾಯ್ತಿದ್ದಾರೆ. ಗಡಿಯಾರ ಬೇಡ, ನದಿ ಬೇಕು ಅಂತ ಒಂದೇ ಸಮನೆ ಕೂಗ್ತಿದ್ದಾರೆ. ನಾನು ಸಭೆಯಲ್ಲಿ ಗಂಟಲು ಹರಿದುಕೊಂಡರೂ ಆಗದ್ದು ಅದರಿಂದ ಆಯ್ತು. ಈಗ ಹ್ಯಾಂಬರ್ಗಿನವನು ಗಡಿಯಾರದ ಮಾತೆತ್ತಲಿ ನೋಡೋಣ. ಬರೆದವರು ಯಾರೇ ಆಗಲಿ, ಆಟದ ಮೇಲೆ ಪ್ರೀತಿ ಇರೋರೇ. ನಾನು ಅವರ ಪರ ವಹಿಸ್ತಿಲ್ಲ, ಇದ್ದದ್ದು ಹೇಳಿದೆ.

ಯಾರನ್ನ? ಯಮಂಡುನ? ಕೇಳದೇ ಇರ್ತೀನಾ? ಮೊದಲು ಅವನನ್ನೇ ಹಿಡಿದೆ. ಚಿತ್ರ ಬಿಡಿಸೋನಿಗೆ ನದಿ ಗೊತ್ತಿರದೆ ಇರುತ್ತಾ ಅಂತ. ತಮಾಷೆ ಏನು ಗೊತ್ತಾ, ಅವನಿಗೆ ನದಿ ಅಂದರೇನು ಅಂತಲೇ ತಿಳೀಲಿಲ್ಲ. ಬಾಯಿ ತೆಗೆದರೆ ಕುದುರೆ. ಎಡೆಬಿಡದೆ ಓಡಿಸಿದರೆ ಕುದುರೆ ದಣಿದು ಕೂತುಬಿಡುತ್ತಂತೆ, ಮುಂದಿನ ಸರದಿಗೆ ಏಳಲ್ವಂತೆ. "ಮಿಲ್ಟನ್ ನನಗೊಬ್ಬನಿಗೇ ಹೇಳಿದ್ದು" ಅಂತ ಎದೆ ಉಬ್ಬಿಸಿದ. ಇವೊನ್ ಹತ್ತಿರ ಹೋದೆ. ಅವಳು ಸದ್ದು ಕೂಡಿಸೋ ಕೋಣೆಯ ಬಾಗಿಲು ಮುಚ್ಚಿ ಪಿಸುಗುಟ್ಟಿದಳು, ತಡವಾಗಿ ತಲುಪೋ ಪತ್ರ ಅಂತ. ಇವತ್ತು ಕೊಟ್ಟ ಆಜ್ಞೆ ದಂಡಿನವರ ಕೈ ಸೇರೋ ಹೊತ್ತಿಗೆ ಹಳಸಿರುತ್ತೆ. ಅವಳಿಗೂ ಅಷ್ಟೆ, "ನಿನಗೊಬ್ಬಳಿಗೇ ಹೇಳಿದ್ದು, ಯಾರಿಗೂ ಹೇಳಬೇಡ."

ನನಗೆ ಕುದುರೆ ಹೇಳಿಲ್ಲ ನೀನು. ಪತ್ರವೂ ಹೇಳಿಲ್ಲ. ಕಾರ್ನಿವಲ್ ಮುಗಿದ ವಾರ, ಇದೇ ಕಟ್ಟೆ ಮೇಲೆ, ನನಗೆ ನೀನು ಹೇಳಿದ್ದು ಬರೀ...

ಮಿಲ್ಟನ್.

ಹೋದ ವರ್ಷ ಆಟದಲ್ಲಿನ ಆ ಕುಂಟ ಸರದಾರನ ಗುಟ್ಟೂ ಹೀಗೇ ಹೊರಗೆ ಬಿದ್ದಾಗ "ಇರಲಿ, ಮುಂದಿನ ಸಲ ನೋಡ್ಕೋತೀನಿ" ಅಂದಿದ್ದೆ ನೀನು. ನಾನು ತಮಾಷೆ ಅಂದ್ಕೊಂಡಿದ್ದೆ.

ಒಬ್ಬೊಬ್ಬರ ಕಿವಿಗೆ ಒಂದೊಂದು ಹಾಕಿದ್ದೀಯ, ಯಾವುದು ಹೊರಗೆ ಬೀಳುತ್ತೆ ನೋಡೋಣ ಅಂತ.

ಎಲ್ಬಿಯೊಗೆ ಹೇಳಿದ್ದೀಯಾ? ಇಲ್ವಾ? ನನಗೇ ಯಾಕೆ ನದಿ ಕೊಟ್ಟೆ? ಪತ್ರ ಕೊಡಬಹುದಿತ್ತು. ಕುದುರೆ ಕೊಡಬಹುದಿತ್ತು. ಕುದುರೆ ಆಗಿದ್ದರೆ ನಾನು ಬಾಯಿ ಮುಚ್ಕೊಂಡು ಇರ್ತಿದ್ದೆ. ನಿನಗದು ಗೊತ್ತಿತ್ತು.

ಒಂದೇ ಒಂದು ಕೇಳ್ತೀನಿ. ನದಿ ಕಟ್ಟಿದ್ದೀಯ ತಾನೆ? ಒಂದು ಸಾಲು ಕೋಡ್ ಆದರೂ ಬರೆದಿದ್ದೀಯ ತಾನೆ? ಅಷ್ಟು ಜನ ಕಾಯ್ತಿದ್ದಾರೆ ಮಿಲ್ಟನ್, ಕಲ್ಲು ಮುಳುಗೋದನ್ನ ನೋಡೋಕೆ...

ಸರಿ. ಹುಯ್ಯಿ. ತಣ್ಣಗಿದ್ದರೂ ಪರವಾಗಿಲ್ಲ.

ಅದು ನನ್ನ ಸರದಿ ಕಣೋ. ನೀನು ಈಗ ತಾನೆ ಕುಡಿದೆ, ಮತ್ತೆ ನೀನೇ ಕುಡೀತಿದ್ದೀಯ. ನಾನಿನ್ನೂ ಗ್ರಾಸಿಯಾಸ್ ಅಂದಿಲ್ಲ.